ಮನೆ ಸೋತವರು ಮಾರು ಗೆಲ್ಲಬಹುದೇ?

ಸೆನೆಟ್ ಸ್ಥಾನ ಕಳೆದುಕೊಂಡ ರಾತ್ರಿ ರಸ್ ಫೈನ್‌ಗೋಲ್ಡ್ ಆಡಿದ ಒಂದು ಮಾತು, ಒಬಾಮಾಗೆ ಸ್ವಂತ ಪಕ್ಷದಲ್ಲೇ ಎದುರಾಳಿ ಹುಟ್ಟಿದ ಎಂಬ ಸುದ್ದಿ ಹಬ್ಬಿಸಿತು. ಗದ್ದುಗೆಯಲ್ಲಿರುವ ಅಧ್ಯಕ್ಷರನ್ನು ಟಿಕೆಟ್ ಹಂತದಲ್ಲೇ ಅಡ್ಡಗಟ್ಟುವ ಅಮೆರಿಕದ ಬಂಡಾಯಕ್ಕೆ ನೂರು ವರ್ಷ ದಾಟಿದೆ. ಹಾಗೆ ಅಡ್ಡಗಟ್ಟಿದವರಲ್ಲಿ ಅದೇ ವರ್ಷ ಶ್ವೇತಭವನ ಸೇರಿದವರು ಒಬ್ಬರೂ ಇಲ್ಲ. ಆದರೂ ಅಧ್ಯಕ್ಷರ ನಿದ್ದೆ ಕೆಡುವುದು ತಪ್ಪಿಲ್ಲ.

2010ರ ನವೆಂಬರ್ 2, ಮಂಗಳವಾರ ರಾತ್ರಿ. ವಿಸ್ಕಾನ್ಸಿನ್ ರಾಜ್ಯದ ಮಿಡಲ್ಟನ್ ಎಂಬ ಸಣ್ಣ ಊರಿನ ಹೋಟೆಲ್ ಸಭಾಂಗಣ. ಹದಿನೆಂಟು ವರ್ಷ ಸೆನೆಟರ್ ಆಗಿದ್ದ ರಸ್ ಫೈನ್‌ಗೋಲ್ಡ್ ಸೋಲೊಪ್ಪಿಕೊಳ್ಳಲು ವೇದಿಕೆ ಏರಿದ್ದರು. ಅವರನ್ನು ಮಣಿಸಿದ್ದು ಪಳಗಿದ ರಾಜಕಾರಣಿಯೂ ಅಲ್ಲ. ರಾನ್ ಜಾನ್ಸನ್ ಎಂಬ ಪ್ಲಾಸ್ಟಿಕ್ ಉದ್ಯಮಿ, ಮೊದಲ ಸಲ ಚುನಾವಣೆಗೆ ನಿಂತವರು. ಅಂತರ ಸುಮಾರು ಶೇ 5.

ಫೈನ್‌ಗೋಲ್ಡ್ ಬಾಬ್ ಡಿಲನ್ ಹಾಡಿನ ಸಾಲುಗಳನ್ನು ಹೇಳಿದರು. ಜೊತೆಗಿದ್ದವರಿಗೆ ವಂದಿಸಿದರು. ಕೊನೆಗೆ ದನಿ ಏರಿಸಿ, ಮುಂದಿನ ಹೋರಾಟಕ್ಕೆ ನಡೆಯೋಣ, ಮುಂದಿನ ಕದನಕ್ಕೆ ನಡೆಯೋಣ, 2012ಕ್ಕೆ ನಡೆಯೋಣ ಎಂದುಬಿಟ್ಟರು.

2012ರಲ್ಲಿ ಏನಿದೆ? ವಿಸ್ಕಾನ್ಸಿನ್‌ನ ಇನ್ನೊಂದು ಸೆನೆಟ್ ಸ್ಥಾನಕ್ಕೆ ಆ ವರ್ಷ ಚುನಾವಣೆ ಇತ್ತು. ಆದರೆ ಅಲ್ಲಿ ಕೂತಿದ್ದವರು ಅವರದೇ ಪಕ್ಷದ ಹರ್ಬ್ ಕೋಲ್. ಅದು ಬಿಟ್ಟರೆ ಉಳಿದ ದೊಡ್ಡ ಕುರ್ಚಿ ಒಂದೇ. ಅದರಲ್ಲಿ ಕೂತವರೂ ಅವರದೇ ಪಕ್ಷದ ಬರಾಕ್ ಒಬಾಮಾ.

ಸುದ್ದಿಗೆ ರೆಕ್ಕೆ ಬರಲು ಇಷ್ಟು ಸಾಕಾಯಿತು. ಅಧ್ಯಕ್ಷರ ಮರುಆಯ್ಕೆಗೆ ದುಡಿಯೋಣ ಎಂದಷ್ಟೇ ಆ ಮಾತಿನ ಅರ್ಥ ಎಂದು ಫೈನ್‌ಗೋಲ್ಡ್ ಕಡೆಯವರು ತೇಪೆ ಹಚ್ಚಿದರು. ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ. ಅದೇ ರಾತ್ರಿ ಡೆಮಾಕ್ರಟಿಕ್ ಪಕ್ಷ ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡಿತ್ತು. ಒಬಾಮಾರನ್ನು ಪಕ್ಷದೊಳಗಿಂದಲೇ ಯಾರಾದರೂ ಎದುರಿಸಬೇಕು ಎಂದು ಡೆಮಾಕ್ರಟರಲ್ಲಿ ಶೇ 47ರಷ್ಟು ಮಂದಿ ಬಯಸುತ್ತಾರೆ ಎಂದು ಎ.ಪಿ. ಸುದ್ದಿಸಂಸ್ಥೆಯ ಸಮೀಕ್ಷೆ ಆ ಹೊತ್ತಿಗಾಗಲೇ ಹೇಳಿತ್ತು.

ಮಧ್ಯಂತರ ಚುನಾವಣೆ ಮುಗಿದ ಮರುದಿನ ಅಮೆರಿಕದ ರಾಜಕೀಯ ಪಂಡಿತರಿಗೆ ಇದೊಂದು ರೂಢಿಯ ಆಟ. ಸೋತವರ ಪಟ್ಟಿ ಹಿಡಿದು, ಇವರಲ್ಲಿ ಅಧ್ಯಕ್ಷರ ಮೇಲೆ ತಿರುಗಿ ಬೀಳುವವರು ಯಾರು ಎಂದು ಲೆಕ್ಕ ಹಾಕುವುದು. ಫೈನ್‌ಗೋಲ್ಡ್ ಪ್ರಕರಣ ಆ ಆಟದ ಅತ್ಯುತ್ತಮ ಪಂದ್ಯ. ಪಂದ್ಯ ನಡೆಯಲೇ ಇಲ್ಲ ಎಂಬುದು ಬೇರೆ ಮಾತು.

ಬಂಡಾಯಕ್ಕೂ ಒಂದು ಅಂಗಳ

ನಮ್ಮಲ್ಲಿ ಹಾಲಿ ಪ್ರಧಾನಿಗೋ ಮುಖ್ಯಮಂತ್ರಿಗೋ ಟಿಕೆಟ್ ಕೊಡಬೇಕೇ ಎಂದು ಊರವರನ್ನು ಯಾರೂ ಕೇಳುವುದಿಲ್ಲ. ಹೈಕಮಾಂಡ್ ತೀರ್ಮಾನಿಸುತ್ತದೆ, ಬಿ ಫಾರಂ ಬರುತ್ತದೆ, ಸಿಗದವರು ಬಂಡಾಯವೆದ್ದು ಪಕ್ಷೇತರರಾಗಿ ನಿಲ್ಲುತ್ತಾರೆ. ಅಮೆರಿಕದಲ್ಲಿ ಬಂಡಾಯಕ್ಕೆ ಪಕ್ಷದೊಳಗೇ ಅಧಿಕೃತ ಅಂಗಳವಿದೆ. ಅದೇ ಪ್ರೈಮರಿ.

ಚುನಾವಣಾ ವರ್ಷದ ಜನವರಿಯಿಂದ ಜೂನ್‌ವರೆಗೆ, ರಾಜ್ಯದಿಂದ ರಾಜ್ಯಕ್ಕೆ, ಪಕ್ಷದ ಮತದಾರರು ತಮ್ಮ ಅಭ್ಯರ್ಥಿ ಯಾರೆಂದು ಮತ ಹಾಕುತ್ತಾರೆ. ಮತಕ್ಕೆ ತಕ್ಕಂತೆ ಡೆಲಿಗೇಟುಗಳು. ಬೇಸಿಗೆಯ ಅಧಿವೇಶನದಲ್ಲಿ ಅರ್ಧಕ್ಕಿಂತ ಹೆಚ್ಚು ಡೆಲಿಗೇಟುಗಳು ಯಾರ ಕಡೆಗೋ ಅವರಿಗೆ ಟಿಕೆಟ್. ಹಾಲಿ ಅಧ್ಯಕ್ಷರೂ ಈ ಪರೀಕ್ಷೆ ಬರೆಯಲೇಬೇಕು. ಸಾಮಾನ್ಯವಾಗಿ ಎದುರಿಗೆ ಗಟ್ಟಿಗರು ಯಾರೂ ನಿಲ್ಲುವುದಿಲ್ಲ, ಅಷ್ಟೇ.

ಗೆದ್ದು ಅಧ್ಯಕ್ಷರಾಗಿ, ಮತ್ತೆ ಟಿಕೆಟ್ ಕೇಳಿ, ಪಕ್ಷದಿಂದಲೇ ಇಲ್ಲವೆನ್ನಿಸಿಕೊಂಡವರು ಇಡೀ ಅಮೆರಿಕದ ಇತಿಹಾಸದಲ್ಲಿ ಒಬ್ಬರೇ: 1856ರಲ್ಲಿ ಫ್ರಾಂಕ್ಲಿನ್ ಪಿಯರ್ಸ್. ಆಗ ಪ್ರೈಮರಿ ಎಂಬುದೇ ಇರಲಿಲ್ಲ.

ಗ್ಯಾರೇಜ್ ಬಾಗಿಲಿನ ಪ್ರಮಾಣ

ಎಲ್ಲರ ಕಣ್ಣು ಫೈನ್‌ಗೋಲ್ಡ್ ಮೇಲೆಯೇ ಬಿದ್ದದ್ದೇಕೆ? 1992ಕ್ಕೆ ಹೋಗಬೇಕು.

ಆ ವರ್ಷ ಸೆನೆಟ್ ಟಿಕೆಟ್‌ಗೆ ಅವರೆದುರು ಇದ್ದ ಇಬ್ಬರು ದುಡ್ಡಿನ ಕುಳಗಳು ಟಿ.ವಿ.ಯಲ್ಲಿ ಪರಸ್ಪರ ಕೆಸರೆರಚಿಕೊಳ್ಳುತ್ತಿದ್ದರು. ಫೈನ್‌ಗೋಲ್ಡ್ ತಮ್ಮ ಮನೆಯ ಗ್ಯಾರೇಜ್ ಬಾಗಿಲ ಮೇಲೆ ಮತದಾರರಿಗೆ ಕೊಟ್ಟ ಭರವಸೆಗಳನ್ನು ಬಣ್ಣದಲ್ಲಿ ಬರೆದು ಕ್ಯಾಮೆರಾ ಮುಂದೆ ನಿಂತರು. ಚುನಾವಣಾ ಹಣದ ಹೆಚ್ಚಿನ ಪಾಲನ್ನು ಸ್ವಂತ ರಾಜ್ಯದವರಿಂದಲೇ ಪಡೆಯುತ್ತೇನೆ ಎಂಬುದು ಅದರಲ್ಲೊಂದು. ಇನ್ನೊಂದು ಜಾಹೀರಾತಿನಲ್ಲಿ, ಎಲ್ವಿಸ್ ಪ್ರೀಸ್ಲಿ ಬದುಕಿದ್ದಾನೆ, ಬೆಂಬಲವೂ ಘೋಷಿಸಿದ್ದಾನೆ ಎಂಬ ನಕಲಿ ಪತ್ರಿಕೆ ಹಿಡಿದು ನಗಿಸಿದರು. ಟಿಕೆಟ್ ಗೆದ್ದರು. ನವೆಂಬರ್‌ನಲ್ಲಿ ಹಾಲಿ ಸೆನೆಟರನ್ನೇ ಸೋಲಿಸಿದರು.

ಸೆನೆಟ್‌ನಲ್ಲಿ ಅವರದು ಒಂಟಿ ಸಲಗದ ನಡೆ. 2001ರ ಅಕ್ಟೋಬರ್‌ನಲ್ಲಿ, ಅವಳಿ ಗೋಪುರ ಉರುಳಿದ ಆರೇ ವಾರದಲ್ಲಿ, ಪೊಲೀಸರಿಗೂ ಗುಪ್ತಚರರಿಗೂ ಅಪಾರ ಅಧಿಕಾರ ಕೊಟ್ಟ ಪೇಟ್ರಿಯಟ್ ಕಾಯ್ದೆ ಮತಕ್ಕೆ ಬಂತು. 98 ಪರ, 1 ವಿರುದ್ಧ. ಆ ಒಂದು ಫೈನ್‌ಗೋಲ್ಡ್. ಮರುವರ್ಷ ಇರಾಕ್ ಯುದ್ಧದ ನಿರ್ಣಯಕ್ಕೂ ವಿರುದ್ಧ ಮತ. 2008ರಲ್ಲಿ ಬ್ಯಾಂಕುಗಳಿಗೆ ನೆರವು ಕೊಡುವ ಮಸೂದೆಗೂ ವಿರುದ್ಧ. 2010ರಲ್ಲಿ ಒಬಾಮಾ ತಂದ ಬ್ಯಾಂಕ್ ಸುಧಾರಣೆಗೂ ವಿರುದ್ಧ, ಇದು ಸಾಲದು ಎಂಬ ಕಾರಣಕ್ಕೆ.

ಜಾನ್ ಮೆಕೇನ್ ಜೊತೆ ಸೇರಿ 2002ರಲ್ಲಿ ಚುನಾವಣಾ ದೇಣಿಗೆಗೆ ಕಡಿವಾಣ ಹಾಕಿದ ಕಾನೂನು ಅವರ ಹೆಸರಿನಲ್ಲೇ ಪ್ರಸಿದ್ಧ. ಅದರ ಒಂದು ಮುಖ್ಯ ಭಾಗವನ್ನು ಸುಪ್ರೀಂ ಕೋರ್ಟ್ 2010ರ ಜನವರಿಯಲ್ಲಿ ಕಿತ್ತೆಸೆಯಿತು. ಹತ್ತು ತಿಂಗಳಿಗೆ ಅವರೂ ಸೋತರು.

ಒಬಾಮಾ ಮೆತ್ತಗಾಗಿದ್ದಾರೆ ಎಂದು ಗೊಣಗುತ್ತಿದ್ದ ಎಡಪಂಥೀಯ ಡೆಮಾಕ್ರಟರಿಗೆ ಇದಕ್ಕಿಂತ ಒಳ್ಳೆಯ ಜಾತಕ ಸಿಗುವಂತಿರಲಿಲ್ಲ. ಕಳಂಕವಿಲ್ಲ, ಕೆಲಸವೂ ಇಲ್ಲ. ಕಳೆದುಕೊಳ್ಳುವುದಕ್ಕೆ ಏನೂ ಉಳಿದಿಲ್ಲ.

———————————
ಬಾಕ್ಸ್: ಪ್ರೈಮರಿಯ ತವರು

ನೇರ ಪ್ರೈಮರಿ ಎಂಬ ಪದ್ಧತಿಯನ್ನು ರಾಜ್ಯಮಟ್ಟದಲ್ಲಿ ಬೇರೂರಿಸಿದ್ದು ವಿಸ್ಕಾನ್ಸಿನ್. ಗವರ್ನರ್ ರಾಬರ್ಟ್ ಲಾ ಫಾಲೆಟ್ ಹಟ ಹಿಡಿದು ಮಂಡಿಸಿದ ಕಾನೂನಿಗೆ 1904ರಲ್ಲಿ ರಾಜ್ಯದ ಜನ ಒಪ್ಪಿಗೆ ಕೊಟ್ಟರು.

ಹಾಲಿ ಅಧ್ಯಕ್ಷರ ವಿರುದ್ಧ ಪ್ರೈಮರಿಗೆ ಇಳಿದ ಮೊದಲ ಸೆನೆಟರ್ ಕೂಡ ಅವರೇ. 1912ರಲ್ಲಿ ಅಧ್ಯಕ್ಷ ಟಾಫ್ಟ್ ಎದುರು ಉತ್ತರ ಡಕೋಟ ಮತ್ತು ವಿಸ್ಕಾನ್ಸಿನ್ ಗೆದ್ದರು. ಅಷ್ಟರಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಣಕ್ಕೆ ಧುಮುಕಿ ಬಹುಪಾಲು ಪ್ರೈಮರಿಗಳನ್ನು ಬಾಚಿಕೊಂಡರು. ಟಿಕೆಟ್ ಮಾತ್ರ ಪಕ್ಷದ ಯಂತ್ರ ಕೈಯಲ್ಲಿದ್ದ ಟಾಫ್ಟ್‌ಗೇ ಹೋಯಿತು. ರೂಸ್‌ವೆಲ್ಟ್ ಬೇರೆ ಪಕ್ಷ ಕಟ್ಟಿ ನಿಂತರು. ಟಾಫ್ಟ್‌ಗೆ ಕೊನೆಗೆ ದಕ್ಕಿದ್ದು 8 ಎಲೆಕ್ಟೊರಲ್ ಮತ.

ಅದೇ ಪ್ರಚಾರದ ನಡುವೆ ರೂಸ್‌ವೆಲ್ಟ್ ಎದೆಗೆ ಗುಂಡು ಬಿತ್ತು. ಜೇಬಿನಲ್ಲಿ ಮಡಚಿಟ್ಟ ಉದ್ದನೆಯ ಭಾಷಣದ ಹಾಳೆಗಳು ಜೀವ ಉಳಿಸಿದವು. ಅವರು ಹೋಗಿ ಆ ಭಾಷಣವನ್ನು ಮಾಡಿಯೇ ಆಸ್ಪತ್ರೆಗೆ ಹೊರಟರು. ಊರು: ವಿಸ್ಕಾನ್ಸಿನ್‌ನ ಮಿಲ್ವಾಕಿ.
———————————

ಹಿಮದ ನಾಡಿನ ಪೆಟ್ಟು

ಪ್ರೈಮರಿ ಬಂಡಾಯದ ಮಾತು ಬಂದಾಗೆಲ್ಲ ಎಲ್ಲರೂ 1968ರ ಕಥೆ ತೆಗೆಯುತ್ತಾರೆ. ತೆಗೆಯಬೇಕಾದ ಕಥೆಯೇ.

ವಿಯೆಟ್ನಾಂ ಯುದ್ಧ ಕೈಮೀರಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ ವಿರುದ್ಧ ನಿಲ್ಲಲು ಯುದ್ಧವಿರೋಧಿಗಳು ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ಬಂದರು. ರಾಬರ್ಟ್ ಕೆನಡಿ ಒಲ್ಲೆನೆಂದರು. ಕೊನೆಗೆ ಒಪ್ಪಿದವರು ಮಿನೆಸೋಟದ ಸೆನೆಟರ್ ಯೂಜಿನ್ ಮೆಕಾರ್ಥಿ, ಕವಿತೆ ಬರೆಯುವ ಹವ್ಯಾಸದ, ಗುಂಪು ಕಂಡರೆ ಅಷ್ಟಕ್ಕಷ್ಟೇ ಎನ್ನುವ ಮನುಷ್ಯ. ಅವರಿಗಾಗಿ ಕಾಲೇಜು ಹುಡುಗರು ಉದ್ದ ಕೂದಲು ಕತ್ತರಿಸಿ, ಗಡ್ಡ ಬೋಳಿಸಿ, ನ್ಯೂ ಹ್ಯಾಂಪ್‌ಶೈರ್‌ನ ಹಿಮದಲ್ಲಿ ಮನೆಮನೆಗೆ ತಿರುಗಿದರು.

ಮಾರ್ಚ್ 12ರ ಫಲಿತಾಂಶ: ಜಾನ್ಸನ್ ಶೇ 49, ಮೆಕಾರ್ಥಿ ಶೇ 42. ಗೆದ್ದವರು ಜಾನ್ಸನ್. ಆದರೆ ಮರುದಿನದ ಪತ್ರಿಕೆಗಳಲ್ಲಿ ಸೋತವರೂ ಅವರೇ. ನಾಲ್ಕು ದಿನಕ್ಕೆ ಕೆನಡಿ ಕಣಕ್ಕಿಳಿದರು. ಮಾರ್ಚ್ 31ರಂದು ಟಿ.ವಿ.ಯಲ್ಲಿ ಕಾಣಿಸಿಕೊಂಡ ಜಾನ್ಸನ್ ತಾನು ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿದರು. ಎರಡೇ ದಿನದಲ್ಲಿ ವಿಸ್ಕಾನ್ಸಿನ್ ಪ್ರೈಮರಿ ಇತ್ತು. ಅಲ್ಲಿ ಸೋಲು ಖಚಿತವೆಂಬ ವರದಿಗಳು ಅವರ ಮೇಜಿನ ಮೇಲಿದ್ದವು.

ಈ ಕಥೆಯ ಜೊತೆ ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಸಂಗತಿಯಿದೆ. ನ್ಯೂ ಹ್ಯಾಂಪ್‌ಶೈರ್ ಮತದಾರರನ್ನು ಆಮೇಲೆ ಮಾತನಾಡಿಸಿದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ವಾಂಸರಿಗೆ ತಿಳಿದದ್ದು: ಯುದ್ಧ ನಿಲ್ಲಿಸಿ ಎಂದ ಮೆಕಾರ್ಥಿಗೆ ಮತ ಹಾಕಿದವರಲ್ಲಿ, ಜಾನ್ಸನ್ ಇನ್ನೂ ಬಿರುಸಾಗಿ ಯುದ್ಧ ಮಾಡುತ್ತಿಲ್ಲ ಎಂದು ಸಿಟ್ಟಾದವರೇ ಹೆಚ್ಚು. ಅವರಿಗೆ ಮೆಕಾರ್ಥಿ ಯಾರಾದರೇನು, ಜಾನ್ಸನ್ ಅಲ್ಲವಲ್ಲ.

ಮೆಕಾರ್ಥಿಗೂ ಟಿಕೆಟ್ ಸಿಗಲಿಲ್ಲ. ಒಂದು ಪ್ರೈಮರಿಗೂ ಇಳಿಯದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೆ ಷಿಕಾಗೊ ಅಧಿವೇಶನ ಟಿಕೆಟ್ ಕೊಟ್ಟಿತು, ಹೊರಗೆ ಪೊಲೀಸರು ಯುದ್ಧವಿರೋಧಿಗಳ ಮೇಲೆ ಲಾಠಿ ಬೀಸುತ್ತಿದ್ದಾಗ. ನವೆಂಬರ್‌ನಲ್ಲಿ ಗೆದ್ದವರು ನಿಕ್ಸನ್.

ಕೆನಡಿ ತಡವರಿಸಿದ ರಾತ್ರಿ

ಬಂಡಾಯಕ್ಕೆ ದೊಡ್ಡ ಹೆಸರು ಸಾಕೆನ್ನುವವರು 1980ನ್ನು ನೋಡಬೇಕು. 1979ರ ಬೇಸಿಗೆಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಜನಮೆಚ್ಚುಗೆ ಶೇ 30ರ ಕೆಳಗೆ ಜಾರಿತ್ತು. ಪೆಟ್ರೋಲ್ ಬಂಕ್ ಮುಂದೆ ಮೈಲುದ್ದದ ಸಾಲು. ಸೆನೆಟರ್ ಎಡ್ವರ್ಡ್ ಕೆನಡಿ ನಿಲ್ಲುತ್ತೇನೆ ಎಂದರೆ ಸಾಕು, ಟಿಕೆಟ್ ಅವರದೇ ಎಂದು ಸಮೀಕ್ಷೆಗಳು ಹೇಳುತ್ತಿದ್ದವು.

ನವೆಂಬರ್ 4ರ ರಾತ್ರಿ ಸಿ.ಬಿ.ಎಸ್. ವಾಹಿನಿ ಕೆನಡಿ ಸಂದರ್ಶನ ಪ್ರಸಾರ ಮಾಡಿತು. ಅಧ್ಯಕ್ಷರಾಗಬೇಕು ಎಂದೇಕೆ ಬಯಸುತ್ತೀರಿ ಎಂದು ಕೇಳಿದರು ರಾಜರ್ ಮಡ್. ಇದಕ್ಕಿಂತ ಸುಲಭದ ಪ್ರಶ್ನೆ ಇನ್ನೊಂದಿಲ್ಲ. ಕೆನಡಿ ತಡವರಿಸಿದರು. ಮಾತು ಎಲ್ಲೆಲ್ಲೋ ಹೋಯಿತು, ಉತ್ತರ ಬರಲಿಲ್ಲ. ಪುಣ್ಯಕ್ಕೆ ಆ ರಾತ್ರಿ ಇನ್ನೊಂದು ವಾಹಿನಿಯಲ್ಲಿ 'ಜಾಸ್' ಸಿನಿಮಾ ಇತ್ತು, ನೋಡಿದವರು ಕಡಿಮೆ. ಆದರೆ ಪತ್ರಕರ್ತರೆಲ್ಲ ನೋಡಿದ್ದರು.

ಅದೇ ದಿನ ಟೆಹರಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯೊಳಗೆ ವಿದ್ಯಾರ್ಥಿಗಳು ನುಗ್ಗಿ ಸಿಬ್ಬಂದಿಯನ್ನು ಒತ್ತೆ ಇರಿಸಿಕೊಂಡರು. ದೇಶ ಸಂಕಟದಲ್ಲಿದ್ದಾಗ ಜನ ಅಧ್ಯಕ್ಷರ ಬೆನ್ನಿಗೆ ನಿಂತರು. ಜನವರಿಯಲ್ಲಿ ಅಯೋವಾ: ಕಾರ್ಟರ್ ಶೇ 59, ಕೆನಡಿ ಶೇ 31. ಕೆನಡಿ ಅಧಿವೇಶನದವರೆಗೂ ಬಿಡದೆ ಹೋರಾಡಿ, ಬದುಕಿನ ಅತ್ಯುತ್ತಮ ಭಾಷಣವನ್ನು ಸೋತ ಮೇಲೆ ಮಾಡಿದರು. ಕಾರ್ಟರ್ ಟಿಕೆಟ್ ಉಳಿಸಿಕೊಂಡರು, ದೇಶ ಕಳೆದುಕೊಂಡರು.

ಅಧ್ಯಕ್ಷ ಫೋರ್ಡ್ ಗತಿಯೂ ಅದೇ. 1976ರಲ್ಲಿ ರೊನಾಲ್ಡ್ ರೇಗನ್ ಕಾನ್ಸಾಸ್ ಸಿಟಿ ಅಧಿವೇಶನದವರೆಗೂ ಬೆನ್ನಟ್ಟಿದರು. 1187 ಡೆಲಿಗೇಟುಗಳು ಫೋರ್ಡ್ ಕಡೆ, 1070 ರೇಗನ್ ಕಡೆ. ಹಾಲಿ ಅಧ್ಯಕ್ಷರನ್ನು ಇಷ್ಟು ಹತ್ತಿರದಿಂದ ಅಲುಗಿಸಿದವರು ಆಮೇಲೆ ಯಾರೂ ಇಲ್ಲ. 1992ರಲ್ಲಿ ಹಿರಿಯ ಬುಷ್ ಎದುರು ಪ್ಯಾಟ್ ಬುಕಾನನ್‌ಗೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ 37. ಬುಷ್ ಕೂಡ ನವೆಂಬರ್‌ನಲ್ಲಿ ಸೋತರು.

ಬಂಡಾಯ ಎದುರಿಸಿದ ಅಧ್ಯಕ್ಷರೆಲ್ಲ ಸೋಲುತ್ತಾರೆ ಎಂಬ ಗಾದೆಯೇ ಇದರಿಂದ ಹುಟ್ಟಿಕೊಂಡಿದೆ. ನನಗೆ ಅದರಲ್ಲಿ ಅರ್ಧ ನಂಬಿಕೆ. ಸೋಲುವ ಲಕ್ಷಣ ಮೊದಲೇ ಕಂಡದ್ದರಿಂದಲೇ ಅವರ ಮೇಲೆ ಬಂಡೆದ್ದವರಿದ್ದರು.

ಸೋತವರ ಸಾಲು

ಗಮನಿಸಿ: ಮೆಕಾರ್ಥಿ, ಕೆನಡಿ ಇಬ್ಬರೂ ಆಗ ಸೆನೆಟ್‌ನಲ್ಲಿ ಭದ್ರವಾಗಿ ಕೂತವರು. 1952ರಲ್ಲಿ ಇದೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಧ್ಯಕ್ಷ ಟ್ರೂಮನ್‌ರನ್ನು ಸೋಲಿಸಿಯೇಬಿಟ್ಟ ಎಸ್ಟೆಸ್ ಕಿಫಾವರ್ ಕೂಡ ಹಾಲಿ ಸೆನೆಟರ್. ಮನೆ ಗೆದ್ದು ಮಾರು ಗೆಲ್ಲಬೇಕು ಎನ್ನುವ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ. ಸ್ವಂತ ರಾಜ್ಯದಲ್ಲೇ ಸೆನೆಟ್ ಸ್ಥಾನ ಕಳೆದುಕೊಂಡವರನ್ನು ದೇಶ ಕೈಹಿಡಿದ ಉದಾಹರಣೆ ಇದೆಯೇ?

ಒಂದಿದೆ. ಇಂಡಿಯಾನಾದ ಬೆಂಜಮಿನ್ ಹ್ಯಾರಿಸನ್ 1887ರಲ್ಲಿ ಸೆನೆಟ್ ಸ್ಥಾನ ಕಳೆದುಕೊಂಡರು. ಮರುವರ್ಷವೇ ಅಧ್ಯಕ್ಷರಾಗಿ ಆಯ್ಕೆಯಾದರು. ಆದರೆ ಆಗ ಸೆನೆಟರನ್ನು ಆರಿಸುತ್ತಿದ್ದುದು ರಾಜ್ಯದ ಶಾಸಕರು. ಅಧ್ಯಕ್ಷರ ಟಿಕೆಟನ್ನೂ ಅಧಿವೇಶನದ ಮುಖಂಡರೇ ಎಂಟು ಸುತ್ತು ಮತ ಹಾಕಿ ಕೊಟ್ಟರು. ಜನರ ಮತ ಎಣಿಸಿದರೆ ಅವರು ನವೆಂಬರ್‌ನಲ್ಲೂ ಹಿಂದಿದ್ದರು.

ಪ್ರೈಮರಿ ಯುಗದ ಕಥೆ ಬೇರೆ. ಜಾರ್ಜ್ ಮೆಕ್‌ಗವರ್ನ್ 1980ರಲ್ಲಿ ದಕ್ಷಿಣ ಡಕೋಟದಲ್ಲಿ ಸೆನೆಟ್ ಸ್ಥಾನ ಕಳೆದುಕೊಂಡು 1984ರಲ್ಲಿ ಅಧ್ಯಕ್ಷ ಟಿಕೆಟ್‌ಗೆ ಬಂದರು. ಇಂದಿನ ಪ್ರೈಮರಿ ನಿಯಮಗಳನ್ನು ರೂಪಿಸಿದ ಸಮಿತಿಯ ಮುಂದಾಳು ಅವರೇ. ಅಯೋವಾದಲ್ಲಿ ಮೂರನೆಯವರು. 1972ರ ಅಧ್ಯಕ್ಷ ಚುನಾವಣೆಯಲ್ಲಿ ತಮಗೆ ಒಲಿದಿದ್ದ ಏಕೈಕ ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲೂ ಮೂರನೆಯವರು. ಅಲ್ಲಿಗೇ ನಿಲ್ಲಿಸಿದರು. ಅಲಾಸ್ಕದ ಮೈಕ್ ಗ್ರಾವೆಲ್ 1980ರಲ್ಲಿ ಸೋತು 28 ವರ್ಷಗಳ ಮೇಲೆ ಬಂದರು. ಚರ್ಚೆಯ ವೇದಿಕೆಯಲ್ಲಿ ಗುಡುಗಿದರು, ಡೆಲಿಗೇಟು ಒಂದೂ ಇಲ್ಲ.

ಈ ಸಾಲಿನಲ್ಲಿ ನಿಜವಾಗಿ ಓಡಿದವರು ರಿಕ್ ಸ್ಯಾಂಟೊರಮ್ ಒಬ್ಬರೇ. ಪೆನ್ಸಿಲ್ವೇನಿಯದಲ್ಲಿ 2006ರಲ್ಲಿ ಸೋತ ಅಂತರ ಶೇ 17ಕ್ಕೂ ಹೆಚ್ಚು. ಹಾಲಿ ಸೆನೆಟರ್ ಒಬ್ಬರಿಗೆ ಅಷ್ಟು ದೊಡ್ಡ ಸೋಲು ಅಪರೂಪ. ಅವರು 2012ರ ರಿಪಬ್ಲಿಕನ್ ಟಿಕೆಟ್‌ಗಾಗಿ ಗೆಳೆಯನ ಪಿಕಪ್ ಟ್ರಕ್ ಹತ್ತಿ ಅಯೋವಾದ 99 ಕೌಂಟಿಗಳನ್ನೂ ಸುತ್ತಿದರು. ಮೊದಲು ಮಿಟ್ ರಾಮ್ನಿ 8 ಮತಗಳಿಂದ ಗೆದ್ದರೆಂದರು; ಎರಡು ವಾರದ ಮೇಲೆ ಲೆಕ್ಕ ತಿರುವಿ ಸ್ಯಾಂಟೊರಮ್ 34 ಮತ ಮುಂದೆ ಎಂದರು. ಒಟ್ಟು 11 ರಾಜ್ಯ ಗೆದ್ದರು. ಏಪ್ರಿಲ್ 10ರಂದು, ಮಗಳ ಅನಾರೋಗ್ಯದ ನಡುವೆ, ಕಣದಿಂದ ಹಿಂದೆ ಸರಿದರು. ಅವರ ತವರು ಪೆನ್ಸಿಲ್ವೇನಿಯದ ಪ್ರೈಮರಿಗೆ ಆಗ ಎರಡೇ ವಾರ. ಅಲ್ಲಿ ಇನ್ನೊಮ್ಮೆ ಸೋಲುವ ಸಾಧ್ಯತೆಯೂ ಆ ತೀರ್ಮಾನದಲ್ಲಿ ಇದ್ದೀತು ಎಂಬುದು ನನ್ನ ಊಹೆ.

ಅಂದರೆ ಸೋಲು ಅಳಿಸಲಾಗದ ಕಲೆಯೇನಲ್ಲ. ಒಬಾಮಾ ಕೂಡ 2000ದಲ್ಲಿ ಷಿಕಾಗೊದ ಕೆಳಮನೆ ಪ್ರೈಮರಿಯಲ್ಲಿ ಹೀನಾಯವಾಗಿ ಸೋತವರೇ. ಆದರೆ ಸ್ವಪಕ್ಷದಲ್ಲಿ ಸ್ಯಾಂಟೊರಮ್ ಎದುರಿಗಿದ್ದುದು ಖಾಲಿ ಕುರ್ಚಿ. ಫೈನ್‌ಗೋಲ್ಡ್ ಎದುರಿಗೆ ಕುರ್ಚಿಯಲ್ಲಿ ಕೂತವರಿದ್ದರು.

———————————
ಬಾಕ್ಸ್: ಮಂಗಳೂರಿನಲ್ಲೂ ಪ್ರೈಮರಿ!

2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿ ಅಮೆರಿಕದ ಮಾದರಿಯನ್ನು ಕೆಲವೇ ಕ್ಷೇತ್ರಗಳಲ್ಲಿ ಪರೀಕ್ಷಿಸಿದರು. ಕರ್ನಾಟಕದ ಪಾಲಿಗೆ ಬಂದವು ಎರಡು: ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮತ ಹಾಕಿದವರು ಸಾಮಾನ್ಯ ಮತದಾರರಲ್ಲ, ಪಕ್ಷದ ಪದಾಧಿಕಾರಿಗಳು ಮತ್ತು ಆಯ್ದ ಸದಸ್ಯರು. ದಕ್ಷಿಣ ಕನ್ನಡದಲ್ಲಿ ಬಿ. ಜನಾರ್ದನ ಪೂಜಾರಿ, ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಟಿಕೆಟ್ ಗೆದ್ದರು. ಚುನಾವಣೆಯಲ್ಲಿ ಇಬ್ಬರೂ ಸೋತರು, ಪೂಜಾರಿ ನಳಿನ್ ಕುಮಾರ್ ಕಟೀಲ್ ಎದುರು, ನಾರಾಯಣಸ್ವಾಮಿ ಡಿ.ವಿ. ಸದಾನಂದ ಗೌಡರ ಎದುರು.
———————————

ಕೈದಿಗೆ ಶೇ 41

ಈಗ ಲೆಕ್ಕಕ್ಕೆ ಬರೋಣ. ಫೈನ್‌ಗೋಲ್ಡ್ 2011ರಲ್ಲಿ ಹೂಂ ಎಂದಿದ್ದರೆ?

ಮೊದಲ ಗೋಡೆ ಕಾಗದಪತ್ರದ್ದು. ಪ್ರತಿ ರಾಜ್ಯಕ್ಕೂ ಬೇರೆ ನಿಯಮ, ಬೇರೆ ಕೊನೆಯ ದಿನ. ನ್ಯೂ ಹ್ಯಾಂಪ್‌ಶೈರ್‌ಗೆ 1,000 ಡಾಲರ್ ಕಟ್ಟಿದರೆ ಹೆಸರು ಬರುತ್ತದೆ. ವರ್ಜೀನಿಯಕ್ಕೆ 10,000 ಮತದಾರರ ಸಹಿ ಬೇಕಿತ್ತು. ಆ ವರ್ಷ ನ್ಯೂಟ್ ಗಿಂಗ್ರಿಚ್, ರಿಕ್ ಪೆರಿಯಂಥ ಘಟಾನುಘಟಿಗಳೇ ರಿಪಬ್ಲಿಕನ್ ಮತಪತ್ರದಲ್ಲಿ ಜಾಗ ಪಡೆಯಲಾಗಲಿಲ್ಲ. ಇದಲ್ಲದೆ ಶೇ 15 ಮತ ದಾಟದವರಿಗೆ ಡೆಮಾಕ್ರಟಿಕ್ ಪಕ್ಷದಲ್ಲಿ ಡೆಲಿಗೇಟು ಸಿಗುವುದಿಲ್ಲ.

ಎರಡನೆಯದು ದುಡ್ಡು. 2008ರಲ್ಲಿ ಒಬಾಮಾ ಸಂಗ್ರಹಿಸಿದ್ದು ಸುಮಾರು 75 ಕೋಟಿ ಡಾಲರ್. ಇತ್ತ ಫೈನ್‌ಗೋಲ್ಡ್ 1998ರಲ್ಲಿ, ರಾಜ್ಯದ ಪ್ರಜೆಗೆ ಒಂದು ಡಾಲರ್ ಎಂಬ ಲೆಕ್ಕದಲ್ಲಿ ತಮ್ಮ ಖರ್ಚಿಗೆ ತಾವೇ ಮಿತಿ ಹಾಕಿಕೊಂಡು ಕೂದಲೆಳೆಯಲ್ಲಿ ಬಚಾವಾದವರು. ತಮ್ಮ ಪರ ಜಾಹೀರಾತು ಹಾಕಲು ಬಂದ ಸ್ವಪಕ್ಷದ ಸಮಿತಿಯನ್ನೇ, ನನ್ನ ರಾಜ್ಯದಿಂದ ತೊಲಗಿ ಎಂದು ಗದರಿದ್ದರು. ಆ ಮಡಿವಂತಿಕೆ ಅವರ ಬಂಡವಾಳ. ಅಧ್ಯಕ್ಷ ಚುನಾವಣೆಯಲ್ಲಿ ಅದೇ ಅವರ ಕೈಕೋಳ ಆಗುತ್ತಿತ್ತು.

ಇವೆರಡನ್ನೂ ದಾಟಿದರೂ ಮೂರನೆಯದು ದಕ್ಷಿಣ ಕೆರೊಲೈನಾ. ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಕಪ್ಪು ಜನಾಂಗದವರದು. ಅಲಬಾಮ, ಜಾರ್ಜಿಯ, ಮಿಸಿಸಿಪ್ಪಿಗಳಲ್ಲೂ ಪಕ್ಷದ ಬೆನ್ನೆಲುಬು ಅವರೇ. ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರನ್ನು ಅವರದೇ ಪಕ್ಷದಿಂದ ಇಳಿಸಲು ಬಂದ ಬಿಳಿಯ ಉದಾರವಾದಿಗೆ ಅಲ್ಲಿ ಯಾವ ಮನೆಯ ಬಾಗಿಲು ತೆರೆಯುತ್ತಿತ್ತು? ಪೇಟ್ರಿಯಟ್ ಕಾಯ್ದೆಗೆ ಒಂಟಿಯಾಗಿ ಇಲ್ಲವೆಂದದ್ದು ಅಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಡೆಮಾಕ್ರಟರಲ್ಲಿ ಹತ್ತಕ್ಕೆ ಎಂಟು ಮಂದಿ ಒಬಾಮಾ ಕೆಲಸ ಮೆಚ್ಚಿದ್ದ ಕಾಲವದು. 1979ರ ಕಾರ್ಟರ್ ಕನಸಿನಲ್ಲೂ ಕಾಣದ ಅಂಕಿ.

ಹಾಗಿದ್ದರೆ ಒಬಾಮಾ ವಿರುದ್ಧ ಪಕ್ಷದೊಳಗೆ ಸಿಟ್ಟೇ ಇರಲಿಲ್ಲವೇ? ಇತ್ತು. ಅದು ಎಲ್ಲಿತ್ತೆಂದು 2012ರ ಮೇ ತಿಂಗಳು ತೋರಿಸಿತು. ಪಶ್ಚಿಮ ವರ್ಜೀನಿಯದ ಪ್ರೈಮರಿಯಲ್ಲಿ ಒಬಾಮಾ ಎದುರು ಟೆಕ್ಸಾಸ್‌ನ ಜೈಲಿನಲ್ಲಿದ್ದ ಕೈದಿಯೊಬ್ಬ ಶುಲ್ಕ ಕಟ್ಟಿ ಹೆಸರು ಸೇರಿಸಿದ್ದ. ಶೇ 41 ಮತ ಪಡೆದ. ಪ್ರಚಾರಕ್ಕೆ ಬರುವುದಿರಲಿ, ಜೈಲಿನ ಗೇಟು ದಾಟುವಂತಿರಲಿಲ್ಲ. ಎರಡು ವಾರದ ಮೇಲೆ ಅರ್ಕನ್ಸಾದಲ್ಲಿ ಹೆಸರೇ ಕೇಳಿರದ ವಕೀಲರೊಬ್ಬರಿಗೆ ಶೇ 42. ಕೆಂಟಕಿಯಲ್ಲಿ 'ಯಾರಿಗೂ ಇಲ್ಲ' ಎಂಬ ಆಯ್ಕೆಗೆ ಶೇ 42.

ಈ ಮತದಾರರು ಕಲ್ಲಿದ್ದಲು ಗಣಿಯ, ಬೆಟ್ಟಸೀಮೆಯ ಹಳೆಯ ಡೆಮಾಕ್ರಟರು. ಒಬಾಮಾ ವಿಪರೀತ ಎಡಕ್ಕೆ ಹೋದರೆಂದು ಸಿಡುಕುತ್ತಿದ್ದವರು. ಫೈನ್‌ಗೋಲ್ಡ್ ಹೆಸರು ಮತಪತ್ರದಲ್ಲಿದ್ದರೆ ಅವರ ಮತವೂ, 1968ರ ಲೆಕ್ಕದಂತೆ, ಇವರಿಗೇ ಬೀಳುತ್ತಿತ್ತು. ಒಬಾಮಾ ಎಡಪಂಥ ಸಾಲದು ಎನ್ನುವ ಅಭ್ಯರ್ಥಿ, ಒಬಾಮಾ ಎಡಪಂಥ ಹೆಚ್ಚಾಯಿತು ಎನ್ನುವವರ ಮತ ಎಣಿಸಿಕೊಂಡು ವಿಜಯೋತ್ಸವ ಮಾಡುವ ದೃಶ್ಯವನ್ನು ಊಹಿಸಿಕೊಳ್ಳಿ. ಟಿ.ವಿ.ಯಲ್ಲಿ ಎರಡು ರಾತ್ರಿ ಸದ್ದಾಗುತ್ತಿತ್ತು. ಟಿಕೆಟ್ ಹತ್ತಿರ ಬರುತ್ತಿರಲಿಲ್ಲ.

ಗೆಲ್ಲುವುದಕ್ಕೇ ನಿಲ್ಲಬೇಕೇ, ಒತ್ತಡ ಹೇರಲು ನಿಂತರೂ ಸಾಲದೇ ಎಂದು ಕೇಳಿದವರಿದ್ದರು. 2010ರ ಡಿಸೆಂಬರ್‌ನಲ್ಲಿ ಕಿರಿಯ ಬುಷ್ ಕಾಲದ ತೆರಿಗೆ ವಿನಾಯಿತಿಯನ್ನು ಶ್ರೀಮಂತರಿಗೂ ಸೇರಿಸಿ ಮುಂದುವರಿಸಲು ಒಬಾಮಾ ಒಪ್ಪಿದಾಗ ಆ ಕೂಗು ಜೋರಾಯಿತು. ವರ್ಮಾಂಟ್‌ನ ಸೆನೆಟರ್ ಬರ್ನಿ ಸ್ಯಾಂಡರ್ಸ್ ಎಂಟೂವರೆ ತಾಸು ನಿಂತು ವಿರೋಧಿಸಿ ಮಾತಾಡಿದರು. ಒಬಾಮಾಗೆ ಪ್ರೈಮರಿಯಲ್ಲಿ ಎದುರಾಳಿ ಇದ್ದರೆ ಒಳ್ಳೆಯದೇ ಎಂದು ಮರುವರ್ಷ ರೇಡಿಯೊದಲ್ಲಿ ಹೇಳಿಯೂಬಿಟ್ಟರು. ತಾವೂ ನಿಲ್ಲಲಿಲ್ಲ, ಬೇರೆಯವರೂ ಸಿಗಲಿಲ್ಲ.

ಫೈನ್‌ಗೋಲ್ಡ್ ಅಂತೂ 2011ರಲ್ಲಿ ಚುನಾವಣಾ ಹಣದ ಅಬ್ಬರದ ವಿರುದ್ಧ ಸಂಘಟನೆ ಕಟ್ಟಿ, ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತ ಕೂತರು. ಹರ್ಬ್ ಕೋಲ್ ನಿವೃತ್ತಿ ಘೋಷಿಸಿ ವಿಸ್ಕಾನ್ಸಿನ್‌ನ ಸೆನೆಟ್ ಸ್ಥಾನ ಖಾಲಿಯಾದಾಗಲೂ ಒಲ್ಲೆ ಎಂದರು. 2012ರ ಫೆಬ್ರುವರಿಯಲ್ಲಿ, ಸೂಪರ್ ಪ್ಯಾಕ್ ಎಂಬ ದೊಡ್ಡ ದುಡ್ಡಿನ ಚುನಾವಣಾ ನಿಧಿಗಳಿಗೆ ಒಬಾಮಾ ತಲೆಯಾಡಿಸಿದಾಗ ಬಹಿರಂಗವಾಗಿ ಟೀಕಿಸಿದರು. ಅದೇ ತಿಂಗಳು ಒಬಾಮಾ ಮರುಆಯ್ಕೆ ಪ್ರಚಾರದ ಸಹ ಅಧ್ಯಕ್ಷರಲ್ಲೊಬ್ಬರಾದರು. ಆಪ್ತರು ಹಚ್ಚಿದ್ದು ತೇಪೆಯಲ್ಲ, ನಿಜವನ್ನೇ ಹೇಳಿದ್ದರು.

ಬಾಗಿಲಿಗೆ ಚಿಲಕ

ಈಚಿನ ವರ್ಷಗಳಲ್ಲಿ ಪಕ್ಷಗಳು ಜಾಣತನ ಕಲಿತಿವೆ. 2019ರಲ್ಲಿ ಟ್ರಂಪ್ ವಿರುದ್ಧ ಇಬ್ಬರು ಮೂವರು ಹೊರಟಾಗ ದಕ್ಷಿಣ ಕೆರೊಲೈನಾ, ನೆವಾಡ, ಕಾನ್ಸಾಸ್‌ನಂಥ ರಾಜ್ಯಗಳ ರಿಪಬ್ಲಿಕನ್ ಘಟಕಗಳು ಮುಂದಿನ ವರ್ಷದ ಸ್ಪರ್ಧೆಯನ್ನೇ ರದ್ದು ಮಾಡಿದವು. ಎದುರಾಳಿಗಳಲ್ಲಿ ಮಾಜಿ ಗವರ್ನರ್ ಬಿಲ್ ವೆಲ್ಡ್‌ಗೆ ದಕ್ಕಿದ್ದು ಒಂದು ಡೆಲಿಗೇಟು.

ಡೆಮಾಕ್ರಟರು ಹಿಂದೆ ಬೀಳಲಿಲ್ಲ. 2024ಕ್ಕೆ ಬಂಡಾಯಗಾರರ ನೆಚ್ಚಿನ ನ್ಯೂ ಹ್ಯಾಂಪ್‌ಶೈರನ್ನು ಪಟ್ಟಿಯಲ್ಲಿ ಹಿಂದಕ್ಕೆ ತಳ್ಳಿ, ಜೋ ಬೈಡನ್‌ಗೆ ಒಲಿದ ದಕ್ಷಿಣ ಕೆರೊಲೈನಾವನ್ನು ಮುಂದಕ್ಕೆ ತಂದರು. ಫ್ಲಾರಿಡಾದಲ್ಲಿ ಪ್ರೈಮರಿಯೇ ನಡೆಯಲಿಲ್ಲ. ಬೈಡನ್ ವಯಸ್ಸನ್ನೇ ಎತ್ತಿ ಆಡಿದ ಸಂಸದ ಡೀನ್ ಫಿಲಿಪ್ಸ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸುಮಾರು ಶೇ 20 ಮತ ಪಡೆದು ಮನೆಗೆ ಹೋದರು. ಆರು ತಿಂಗಳಿಗೆ, ಜುಲೈ 21ರಂದು, ಬೈಡನ್ ತಾವಾಗಿಯೇ ಹಿಂದೆ ಸರಿದರು. ಫಿಲಿಪ್ಸ್ ಹೇಳಿದ ಕಾರಣಕ್ಕೇ. ಮತಪೆಟ್ಟಿಗೆಗಿಂತ ಜೂನ್ ತಿಂಗಳ ಟಿ.ವಿ. ಚರ್ಚೆಯೊಂದು ಹೆಚ್ಚು ಕೆಲಸ ಮಾಡಿತ್ತು.

2016ರ ನಕ್ಷೆ

ನಡೆಯದ ಪಂದ್ಯದ ಫಲಿತಾಂಶ ಹೇಳುವುದು ಸುಲಭ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಹತ್ತಿರದ ಪಂದ್ಯವೊಂದು ನಾಲ್ಕು ವರ್ಷ ತಡವಾಗಿ ನಡೆಯಿತು. 2016ರಲ್ಲಿ ಕುರ್ಚಿ ಖಾಲಿಯಾದಾಗ ಅದೇ ಎಡಪಂಥದ ಸಿಟ್ಟನ್ನು ಹೊತ್ತು ಸ್ಯಾಂಡರ್ಸ್ ಹೊರಟರು, ಎದುರಿಗೆ ಹಿಲರಿ ಕ್ಲಿಂಟನ್. ಸ್ಯಾಂಡರ್ಸ್ ಸೆನೆಟ್ ಸ್ಥಾನ ಕಳೆದುಕೊಂಡವರಲ್ಲ. ಸಣ್ಣ ದೇಣಿಗೆಗಳಿಂದಲೇ ಕೋಟಿಗಟ್ಟಲೆ ಡಾಲರ್ ಹರಿದು ಬಂತು, ಕಾಗದಪತ್ರದ ಗೋಡೆಯನ್ನೂ ದಾಟಿದರು.

ಪಶ್ಚಿಮ ವರ್ಜೀನಿಯದಲ್ಲಿ ಪ್ರತಿಯೊಂದು ಕೌಂಟಿಯನ್ನೂ ಗೆದ್ದರು. ಕೈದಿಗೆ ಮತ ಹಾಕಿದ ರಾಜ್ಯ ಸಮಾಜವಾದಿಗೂ ಹಾಕಿತು. ದಕ್ಷಿಣ ಕೆರೊಲೈನಾದಲ್ಲಿ ಶೇ 73ಕ್ಕೆ ಶೇ 26ರ ಅಂತರದಲ್ಲಿ ನೆಲ ಕಚ್ಚಿದರು. ಅಲ್ಲಿಂದ ದಕ್ಷಿಣದುದ್ದಕ್ಕೂ ಅದೇ ಕಥೆ, ಟಿಕೆಟ್ ಹೋದದ್ದೂ ಅಲ್ಲೇ.

ಏಪ್ರಿಲ್ 5ರಂದು ವಿಸ್ಕಾನ್ಸಿನ್ ಸರದಿ. ಸ್ಯಾಂಡರ್ಸ್ ಶೇ 56 ದಾಟಿದರು. ರಾಜ್ಯದ 72 ಕೌಂಟಿಗಳಲ್ಲಿ 71 ಅವರ ಕಡೆ. ಉಳಿದ ಒಂದು ಮಿಲ್ವಾಕಿ, ವಿಸ್ಕಾನ್ಸಿನ್‌ನ ಕಪ್ಪು ಜನರಲ್ಲಿ ಬಹುಪಾಲು ಇರುವ ಜಾಗ.

ಅದೇ ವರ್ಷ ಫೈನ್‌ಗೋಲ್ಡ್ ಮತ್ತೆ ಸೆನೆಟ್‌ಗೆ ನಿಂತರು, ಅದೇ ರಾನ್ ಜಾನ್ಸನ್ ಎದುರು. ತಿಂಗಳುಗಟ್ಟಲೆ ಸಮೀಕ್ಷೆಗಳಲ್ಲಿ ಮುಂದಿದ್ದರು. ನವೆಂಬರ್ 8ರಂದು ಸುಮಾರು ಶೇ 3ರ ಅಂತರದಲ್ಲಿ ಸೋತರು. ಆ ರಾತ್ರಿ ವಿಸ್ಕಾನ್ಸಿನ್‌ನಲ್ಲಿ ಟ್ರಂಪ್ ಗೆದ್ದದ್ದು 23,000ಕ್ಕೂ ಕಡಿಮೆ ಮತಗಳಿಂದ.